ಶಾಲಾ ಅಥ್ಲೆಟಿಕ್ಸ್ ತಂಡದಲ್ಲಿ ಮಕ್ಕಳು
ಕರ್ನಾಟಕದ ಹಿರಿಯ ಪ್ರಾಥಮಿಕ ಶಾಲಾ ಮಕ್ಕಳ ಓಟ, ಜಿಗಿತ, ಎಸೆತದ ಸ್ಪರ್ಧೆಗಳು ಸುತ್ತಮುತ್ತಲಿನ ಶಾಲೆಗಳ ಕೂಟದಿಂದ ಶುರುವಾಗಿ ತಾಲ್ಲೂಕು, ಜಿಲ್ಲೆ, ವಿಭಾಗಗಳನ್ನು ದಾಟಿ ರಾಜ್ಯಮಟ್ಟಕ್ಕೇರುತ್ತವೆ. ಹೆಚ್ಚಿನವು ಒಬ್ಬೊಬ್ಬರ ಸ್ಪರ್ಧೆಗಳು. ತಂಡವೆಂಬುದು ನಿಜವಾಗಿ ಕಾಣುವುದು 4×100 ಮೀಟರ್ ರಿಲೇಯಲ್ಲಿ. ಬ್ಯಾಟನ್ 30 ಮೀಟರ್ ಉದ್ದದ ವಲಯದೊಳಗೇ ಕೈಬದಲಾಗಬೇಕು. ಪಡೆಯುವವರು ಹಿಂತಿರುಗಿ ನೋಡದೆ ಓಡತೊಡಗಿ, ಬ್ಯಾಟನ್ ತರುವವರ ಕೂಗು ಕೇಳಿದೊಡನೆ ಕೈಯನ್ನು ಹಿಂದಕ್ಕೆ ಚಾಚುತ್ತಾರೆ. ಬ್ಯಾಟನ್ ಬಿದ್ದರೆ ಬೀಳಿಸಿದವರೇ ಎತ್ತಿಕೊಳ್ಳಬೇಕು. ಹಾಗಾಗಿಯೇ ಚೆನ್ನಾಗಿ ಪಳಗಿದ ಸಾಧಾರಣ ಓಟಗಾರರು ಅಭ್ಯಾಸವಿಲ್ಲದ ವೇಗಿಗಳನ್ನು ಹಿಂದಿಕ್ಕುವುದುಂಟು, ನೋಡಲು ಅದಕ್ಕಿಂತ ಸೊಗಸಾದದ್ದು ಶಾಲಾ ಮೈದಾನದಲ್ಲಿ ಇನ್ನೊಂದಿಲ್ಲ. ರಿಲೇ ಇರಲಿ, ಒಬ್ಬೊಬ್ಬರ ಸ್ಪರ್ಧೆ ಇರಲಿ, ಈ ವಯಸ್ಸಿನ ಮಕ್ಕಳನ್ನು ಒಂದೇ ಸ್ಪರ್ಧೆಗೆ ಕಟ್ಟಿಹಾಕಬಾರದು. ಬೆಳೆಯುತ್ತಿರುವ ಎಲುಬುಗಳ ತುದಿ ಇನ್ನೂ ಗಟ್ಟಿಯಾಗಿರುವುದಿಲ್ಲ. ಒಂದೇ ಬಗೆಯ ಒತ್ತಡ ಪದೇ ಪದೇ ಬಿದ್ದರೆ ಮೊಣಕಾಲು, ಹಿಮ್ಮಡಿಗಳಲ್ಲಿ ನೋವು ಕಾಣಿಸಿಕೊಳ್ಳುತ್ತದೆ.