ಸ್ಕಾಟನ ಐತಿಹಾಸಿಕ ಕಾದಂಬರಿಗಳಲ್ಲಿ ಮಿಶ್ರವಸ್ತು

ಇತಿವೃತ್ತವು ಪ್ರಖ್ಯಾತ, ಉತ್ಪಾದ್ಯ, ಮಿಶ್ರವೆಂದು ಮೂರು ವಿಧವಾದುದೆಂದು ದಶರೂಪಕಕಾರನಾದ ಧನಂಜಯನು ಹೇಳಿದ್ದಾನೆ. ಇತಿಹಾಸಾದಿಗಳಿಂದ ಬಂದುದು ಪ್ರಖ್ಯಾತ. ಕವಿಯು ತಾನೇ ಕಲ್ಪಿಸಿದುದು ಉತ್ಪಾದ್ಯ. ಇವೆರಡರ ಸಂಕರವು ಮಿಶ್ರ. ಐತಿಹಾಸಿಕ ಕಾದಂಬರಿಯು ಈ ಮೂರನೆಯ ಜಾತಿಗೆ ಸೇರಿದುದು. ಅದನ್ನು ಪಾಠ ಹೇಳುವಾಗ ‘ಇದು ನಡೆದುದೇ, ಅಲ್ಲವೇ’ ಎಂಬ ಒಂದೇ ಪ್ರಶ್ನೆಯಿಂದ ಅಳೆಯುವ ವಾಡಿಕೆಯುಂಟು. ಕಲ್ಪನೆಯನ್ನು ಯಾವ ಸ್ಥಾನದಲ್ಲಿ ಇರಿಸಿದೆ ಎಂಬುದೇ ಮೊದಲು ಕೇಳತಕ್ಕ ಪ್ರಶ್ನೆಯೆಂಬುದನ್ನು ಸರ್ ವಾಲ್ಟರ್ ಸ್ಕಾಟನ (೧೭೭೧-೧೮೩೨) ಗ್ರಂಥಗಳಿಂದ ತೋರಿಸಬಹುದು.

‘ವೇವರ್ಲಿ’ಯು ೧೮೧೪ರಲ್ಲಿ ಗ್ರಂಥಕರ್ತನ ಹೆಸರಿಲ್ಲದೆ ಪ್ರಕಟವಾಯಿತು. ರಾಜ್ಯಭ್ರಷ್ಟವಾದ ಸ್ಟೂಅರ್ಟ್ ವಂಶದ ಚಾರ್ಲ್ಸ್ ಎಡ್ವರ್ಡ್ ರಾಜಕುಮಾರನು ೧೭೪೫ರಲ್ಲಿ ಸ್ಕಾಟ್ಲೆಂಡಿಗೆ ಬಂದಿಳಿದು, ಅಲ್ಲಿಯ ಮಲೆನಾಡಿನ ಕುಲಗಳನ್ನು ಕೂಡಿಸಿಕೊಂಡು ದಂಗೆಯೆದ್ದನು. ಪ್ರೆಸ್ಟನ್‌ಪ್ಯಾನ್ಸಿನಲ್ಲಿ ಗೆದ್ದು, ಇಂಗ್ಲೆಂಡಿನ ಡಾರ್ಬಿಯವರೆಗೆ ನಡೆದು ಹಿಂದಿರುಗಿದನು. ೧೭೪೬ನೆಯ ಏಪ್ರಿಲ್ ೧೬ರಂದು ಕಲೋಡನ್ ಬಯಲಿನಲ್ಲಿ ಅವನ ಸೈನ್ಯವು ನುಚ್ಚುನೂರಾಯಿತು. ಇದಿಷ್ಟು ಪ್ರಖ್ಯಾತಾಂಶ. ಇಂತಹ ವಸ್ತು ದೊರೆತಾಗ ರಾಜಕುಮಾರನನ್ನೇ ನಾಯಕನನ್ನಾಗಿ ಮಾಡುವುದು ಯಾರಿಗಾದರೂ ತೋರುವ ದಾರಿ. ಸ್ಕಾಟನು ಹಾಗೆ ಮಾಡಲಿಲ್ಲ. ಎಡ್ವರ್ಡ್ ವೇವರ್ಲಿ ಎಂಬ ಕಲ್ಪಿತನಾದ ಆಂಗ್ಲ ತರುಣನೇ ಇಲ್ಲಿ ನಾಯಕ. ಧೀರೋದಾತ್ತನ ಲಕ್ಷಣ ಅವನಲ್ಲಿಲ್ಲ. ಕಥೆಗಳನ್ನೋದಿ ಕನಸುಗಾರನಾದ ಅವನು ಇಂಗ್ಲೆಂಡಿನ ದೊರೆಯ ಸೈನ್ಯಾಧಿಕಾರಿಯಾಗಿ ಬಂದು, ಮಲೆನಾಡಿನ ಕುಲನಾಯಕ ಫರ್ಗಸನ ಸ್ನೇಹಕ್ಕೂ ಅವನ ಸೋದರಿ ಫ್ಲೋರಾಳ ಮೋಹಕ್ಕೂ ಸಿಕ್ಕಿ, ದಂಗೆಯ ಪಕ್ಷಕ್ಕೆ ಜಾರುತ್ತಾನೆ. ಈ ಅಸ್ಥಿರತೆಯೇ ಗ್ರಂಥಕರ್ತನಿಗೆ ಬೇಕಾದುದು. ಎರಡು ಪಾಳೆಯಗಳ ಒಳಹೊರಗನ್ನೂ ನಮಗೆ ತೋರಿಸಬಲ್ಲವನು ಇಂತಹವನೇ. ಈ ಮಧ್ಯಮಪ್ರಕೃತಿಯ ನಾಯಕನಲ್ಲಿಯೇ ಸ್ಕಾಟನ ಹಿರಿಮೆಯನ್ನು ಹಂಗೇರಿಯ ವಿಮರ್ಶಕ ಲೂಕಾಚನೂ ಕಂಡನು. ರಾಜಕುಮಾರನಾದರೋ ಕಥೆಯ ಅಂಚಿನಲ್ಲಿ ಆಗಾಗ ಕಾಣಿಸಿಕೊಂಡು ಮರೆಯಾಗುತ್ತಾನೆ. ಕಲೋಡನ್ ಯುದ್ಧವು ವರ್ಣಿತವಾಗಿಯೇ ಇಲ್ಲ. ಸೈನ್ಯದಿಂದ ಅಗಲಿದ್ದ ನಾಯಕನಿಗೆ ಅದು ಕೇವಲ ಸುದ್ದಿಯಾಗಿ ಮುಟ್ಟುತ್ತದೆ. ಚರಿತ್ರೆಯನ್ನು ತಿದ್ದಬೇಕಾದ ಪ್ರಸಂಗವೇ ಬರುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಪ್ರೆಸ್ಟನ್‌ಪ್ಯಾನ್ಸ್ ಯುದ್ಧದಲ್ಲಿ ಇನ್ವರ್ನಹೈಲಿನ ಅಲೆಗ್ಸಾಂಡರ್ ಸ್ಟೂಅರ್ಟನೆಂಬ ದಂಗೆಯ ಪಕ್ಷದವನು ಶತ್ರುಪಕ್ಷದ ವೈಟ್‌ಫರ್ಡನ ಪ್ರಾಣವನ್ನುಳಿಸಿದನು. ಕಲೋಡನ್ ಯುದ್ಧವಾದ ಮೇಲೆ ವೈಟ್‌ಫರ್ಡನು ಸ್ಟೂಅರ್ಟನಿಗಾಗಿ ಸೇನಾಪತಿಯ ಮುಂದೆ ಬೇಡಿಕೊಂಡು, ತನ್ನ ಅಧಿಕಾರವನ್ನೇ ಬಿಟ್ಟುಕೊಡಲು ಮುಂದಾದನೆಂದು ಸ್ಕಾಟನು ಬರೆದಿದ್ದಾನೆ. ಆ ಸ್ಟೂಅರ್ಟನ ಬಾಯಿಂದಲೇ ದಂಗೆಯ ಕಥೆಗಳನ್ನು ಎಳೆಯ ವಯಸ್ಸಿನಲ್ಲಿ ಕೇಳಿದವನು ಅವನು. ಕಾದಂಬರಿಯಲ್ಲಿ ಈ ಉಪಕಾರ ಪ್ರತ್ಯುಪಕಾರಗಳು ವೇವರ್ಲಿಗೂ ಕರ್ನಲ್ ಟಾಲ್ಬಟನಿಗೂ ಸಂದಿವೆ. ವ್ಯಕ್ತಿಗಳು ಉತ್ಪಾದ್ಯರು, ಕೃತ್ಯವು ಪ್ರಖ್ಯಾತ. ಮಿಶ್ರವೆಂದರೆ ಹಾಲುನೀರು ಬೆರೆತಂತೆ ಎಂದು ತಿಳಿದವರು ಈ ಹೆಣಿಗೆಯನ್ನು ಗಮನಿಸಬೇಕು.

ಈ ಕ್ರಮದ ಫಲವನ್ನು ಕಾರ್ಲೈಲಿನ ನ್ಯಾಯಸ್ಥಾನದ ಪ್ರಕರಣದಲ್ಲಿ ಕಾಣಬಹುದು. ೧೭೪೬ರಲ್ಲಿ ಆ ಊರಿನಲ್ಲಿ ದಂಗೆಕೋರರಿಗೆ ಮರಣದಂಡನೆಯಾದುದು ನಿಜ. ಕಥೆಯಲ್ಲಿ ಫರ್ಗಸನಿಗೆ ಶಿಕ್ಷೆಯಾಗುವಾಗ ಅವನ ಅನುಚರ ಈವನ್ ಧೂ ಎದ್ದುನಿಂತು, ಒಡೆಯನನ್ನು ಬಿಟ್ಟರೆ ಕುಲದ ಆರು ಜನರನ್ನು ಅವನಿಗೆ ಬದಲಾಗಿ ಒಪ್ಪಿಸುವೆನೆಂದೂ, ತಾನೇ ಮೊದಲನೆಯವನೆಂದೂ, ಉಳಿದವರನ್ನು ತಾನೇ ಹೋಗಿ ಕರೆತರುವೆನೆಂದೂ ಹೇಳುತ್ತಾನೆ. ಸಭೆ ನಗುತ್ತದೆ. ಬಡವನ ಪ್ರಾಣಕ್ಕೆ ಅಷ್ಟು ಬೆಲೆಯಿಲ್ಲವೆಂದು ನಕ್ಕರೆ ನಗಲಿ, ಆದರೆ ತಾನು ಮಾತಿಗೆ ತಪ್ಪುವೆನೆಂದು ನಕ್ಕವರು ಮಲೆನಾಡಿಗನ ಹೃದಯವನ್ನರಿಯರು ಎಂಬ ಭಾವದ ಉತ್ತರವನ್ನು ಅವನು ಕೊಡುತ್ತಾನೆ. ಒಡೆಯನೊಡನೆ ತಾನೂ ಸಾಯುತ್ತಾನೆ. ಒಂದು ಜನಾಂಗದ ಬಾಳಿನ ರೀತಿಯೇ ಮುಗಿದುಹೋದುದನ್ನು ಯಾವ ದಾಖಲೆಯೂ ಇಷ್ಟು ಸ್ಪಷ್ಟವಾಗಿ ಹೇಳಲಾರದು. ಕರುಣವೂ ವೀರವೂ ಇಲ್ಲಿ ಒಂದನ್ನೊಂದು ಪೋಷಿಸುತ್ತವೆ.

ಪ್ರಖ್ಯಾತನನ್ನೇ ನಡುವೆ ನಿಲ್ಲಿಸಿದರೆ ಏನಾಗುವುದೆಂಬುದಕ್ಕೆ ೧೮೨೧ರ ‘ಕೆನಿಲ್‌ವರ್ತ್’ ಸಾಕ್ಷಿ. ಲೆಸ್ಟರ್ ಪ್ರಭುವಿನ ಪತ್ನಿ ಏಮಿ ರಾಬ್ಸಾರ್ಟಳು ೧೫೬೦ರಲ್ಲಿ ಸತ್ತಳು. ಎಲಿಜಬೆತ್ ರಾಣಿ ಕೆನಿಲ್‌ವರ್ತ್ ಕೋಟೆಯ ಉತ್ಸವಕ್ಕೆ ಬಂದುದು ೧೫೭೫ರಲ್ಲಿ. ಕಾದಂಬರಿಯಲ್ಲಿ ಸತ್ತವಳು ಆ ಉತ್ಸವದಲ್ಲಿ ರಾಣಿಯ ಎದುರಿಗೆ ನಿಲ್ಲುತ್ತಾಳೆ. ಆಗ ಹನ್ನೊಂದು ವರ್ಷದ ಬಾಲಕನಾಗಿದ್ದ ಷೇಕ್ಸ್‌ಪಿಯರನೂ ಪ್ರೌಢಕವಿಯಾಗಿ ಓಡಾಡುತ್ತಾನೆ!

ಭವಭೂತಿಯೂ ಮಹಾವೀರಚರಿತದಲ್ಲಿ ವಾಲಿಯೇ ರಾಮನ ಮೇಲೆ ಯುದ್ಧಕ್ಕೆ ಬಂದು ಹತನಾಗುವಂತೆ ಕಥೆಯನ್ನು ತಿರುಗಿಸಲಿಲ್ಲವೇ, ನಾಯಕನಿಗೆ ಅನುಚಿತವಾದುದನ್ನೂ ರಸವಿರುದ್ಧವಾದುದನ್ನೂ ಬಿಡಲು ಅಥವಾ ಬೇರೆಯಾಗಿ ಕಲ್ಪಿಸಲು ಧನಂಜಯನ ಅನುಮತಿಯಿಲ್ಲವೇ ಎಂದು ಆಕ್ಷೇಪಿಸಬಹುದು. ಉಂಟು. ಆದರೆ ರಾಮಾಯಣವನ್ನು ಅರಿಯದ ಸಾಮಾಜಿಕನಿಲ್ಲ. ಭವಭೂತಿ ಎಲ್ಲಿ ತಿದ್ದಿದನೆಂಬುದು ಅವನಿಗೆ ಗೊತ್ತೇ ಇರುತ್ತದೆ, ಆ ಅರಿವೂ ಆಸ್ವಾದದ ಭಾಗ. ಏಮಿಯ ಮರಣದ ವರ್ಷವನ್ನರಿಯದ ವಾಚಕನು ಕಲ್ಪನೆಯನ್ನೇ ಚರಿತ್ರೆಯೆಂದು ನಂಬುತ್ತಾನೆ. ಗುಟ್ಟಾಗಿಟ್ಟ ಪತ್ನಿ, ಒಲಿಯಬಹುದಾದ ರಾಣಿ, ಇಬ್ಬರೂ ಒಂದೇ ಕೋಟೆಯಲ್ಲಿರದಿದ್ದರೆ ಆ ಕಾದಂಬರಿಯಲ್ಲಿ ರಸವೇ ಇಲ್ಲವೆಂಬುದನ್ನೂ ಒಪ್ಪಬೇಕು. ಗ್ರಂಥವನ್ನು ಕಳೆಯಬೇಕಾಗಿಲ್ಲ, ವಿದ್ಯಾರ್ಥಿಗಳಿಗೆ ವರ್ಷಗಳನ್ನು ತಿಳಿಸಿಕೊಟ್ಟು ಓದಿಸತಕ್ಕದ್ದು.

ನಮ್ಮ ನಾಡಿಗೆ ಸಂಬಂಧಿಸಿದ ಕೃತಿಯೂ ಒಂದುಂಟು. ೧೮೨೭ರ ‘ವೈದ್ಯನ ಮಗಳು’ ಎಂಬ ಕಥೆಯು ಸ್ಕಾಟ್ಲೆಂಡಿನ ಒಂದು ಹಳ್ಳಿಯಲ್ಲಿ ಮೊದಲಾಗಿ ಮೈಸೂರಿನ ರಾಜ್ಯದಲ್ಲಿ ಮುಗಿಯುತ್ತದೆ. ಹೈದರನೂ ಟಿಪ್ಪುವೂ ಅದರಲ್ಲಿ ಪಾತ್ರಗಳು. ಹಳ್ಳಿಯ ವೈದ್ಯನ ಮನೆಯ ಭಾಗವು ಉಸಿರಾಡುತ್ತದೆ. ಫಕೀರನ ವೇಷವನ್ನು ಕಳಚಿ ಬೆಂಗಳೂರಿನಲ್ಲಿ ಪ್ರತ್ಯಕ್ಷನಾಗುವ ಹೈದರನು ಮಾತ್ರ ನಾಟಕದ ದೊರೆಯಂತಿದ್ದಾನೆ. ಸ್ಕಾಟನು ಭಾರತವನ್ನು ಕಂಡವನಲ್ಲ. ಮೈಸೂರಿನ ಯುದ್ಧಗಳು ‘ವೇವರ್ಲಿ’ಯ ದಂಗೆಗಿಂತ ಈಚಿನವಾಗಿದ್ದರೂ, ಅವನ್ನು ಕಣ್ಣಾರೆ ಕಂಡ ಇಲ್ಲಿಯ ಮುದುಕನೊಬ್ಬನೂ ಅವನಿಗೆ ಕಥೆ ಹೇಳಿರಲಿಲ್ಲ.