ಧಾರ್ಮಿಕ ಸಂಸ್ಥೆಯ ಶಾಲೆ: ಫೀಸಿಗೆ ತೆರಿಗೆ ಉಳಿಯುತ್ತದೆಯೇ?

ಮಾರ್ಚ್ ಬಂತೆಂದರೆ ಫರೀದಾಬಾದಿನ ಸಂಬಳದಾರರ ಮನೆಗಳಲ್ಲಿ ಎರಡು ಲೆಕ್ಕ ಒಟ್ಟಿಗೆ ಏಳುತ್ತವೆ. ಒಂದು ಮಕ್ಕಳ ಹೊಸ ವರ್ಷದ ಫೀಸು, ಇನ್ನೊಂದು ಆದಾಯ ತೆರಿಗೆ. ಇಲ್ಲಿ ನೆಲೆಸಿದ ಕನ್ನಡಿಗರಿಗೂ ಅದು ತಪ್ಪಿದ್ದಲ್ಲ. ಮಗು ಓದುವುದು ಡಿಎವಿಯಲ್ಲೋ ಕಾನ್ವೆಂಟಿನಲ್ಲೋ ಆದರೆ ಆ ಫೀಸಿಗೆ ತೆರಿಗೆ ಉಳಿಯುತ್ತದೆಯೇ? ಉಳಿಯುತ್ತದೆ, ಆದರೆ ಷರತ್ತುಗಳಿವೆ.

ಅಮೆರಿಕದಲ್ಲಿರುವ ನೆಂಟರು ‘ಟ್ಯಾಕ್ಸ್ ಕ್ರೆಡಿಟ್’ ಎನ್ನುವುದನ್ನು ಕೇಳಿರಬಹುದು. ಎಂದರೆ ಕಟ್ಟಬೇಕಾದ ತೆರಿಗೆಯಲ್ಲೇ ನೇರ ಕಡಿತ. ವಿದ್ಯಾರ್ಥಿವೇತನ ಕೊಡುವ ಸಂಸ್ಥೆಗೆ ದಾನ ಮಾಡಿದರೆ ಅಷ್ಟು ತೆರಿಗೆ ಇಳಿಯುವ ಪದ್ಧತಿಯನ್ನು ಅರಿಝೋನಾ ರಾಜ್ಯ 1997ರಲ್ಲಿ ತಂದಿತು. ಇಂಥ ನೆರವನ್ನು ಖಾಸಗಿ ಶಾಲೆಗಳಿಗೆ ಕೊಡುವುದಾದರೆ ಧಾರ್ಮಿಕ ಶಾಲೆಗಳನ್ನು ಹೊರಗಿಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು.

ನಮ್ಮಲ್ಲಿರುವುದು ‘ಡಿಡಕ್ಷನ್’. ತೆರಿಗೆ ಹಾಕುವ ಮೊದಲು ಆದಾಯದಿಂದ ಒಂದಷ್ಟು ಮೊತ್ತ ಕಳೆಯುವುದು. 80ಸಿ ಕಲಂ ಪ್ರಕಾರ ಇಬ್ಬರು ಮಕ್ಕಳವರೆಗೆ ಟ್ಯೂಷನ್ ಫೀಸು, ಅಂದರೆ ಬೋಧನಾ ಶುಲ್ಕ, ಇದಕ್ಕೆ ಸೇರುತ್ತದೆ. ಪಿಎಫ್, ಎಲ್‌ಐಸಿ ಎಲ್ಲ ಸೇರಿ ಮಿತಿ ವರ್ಷಕ್ಕೆ 1.5 ಲಕ್ಷ ರೂಪಾಯಿ. ಶಾಲೆ ಭಾರತದಲ್ಲಿರಬೇಕು, ಓದು ಪೂರ್ಣಾವಧಿಯದ್ದಾಗಿರಬೇಕು. ನಡೆಸುವವರು ಯಾವ ಧರ್ಮದವರು ಎಂದು ಕಾನೂನು ಕೇಳುವುದಿಲ್ಲ. ಸಂಜೆಯ ವೇದಪಾಠ, ಕುರಾನ್ ತರಗತಿ, ಭಾನುವಾರದ ಬೈಬಲ್ ಪಾಠ ಪೂರ್ಣಾವಧಿ ಓದಲ್ಲವಾದ್ದರಿಂದ ಲೆಕ್ಕಕ್ಕಿಲ್ಲ.

ಇನ್ನು ರಸೀದಿ ನೋಡಿ. ಟ್ಯೂಷನ್ ಫೀಸು 80,000, ಡೆವಲಪ್‌ಮೆಂಟ್ ಫೀಸು 15,000, ಬಸ್ಸು 24,000 ಎಂದಿದೆ ಅಂದುಕೊಳ್ಳಿ. ನೀವು ಕಟ್ಟಿದ್ದು 1,19,000, ಲೆಕ್ಕಕ್ಕೆ ಬರುವುದು 80,000 ಮಾತ್ರ. ನೀವು ಶೇ. 30ರ ಹಂತದಲ್ಲಿದ್ದು, 80ಸಿ ಮಿತಿಯಲ್ಲಿ ಅಷ್ಟು ಜಾಗ ಉಳಿದಿದ್ದರೆ, ಸೆಸ್ ಸೇರಿ 24,960 ರೂಪಾಯಿ ಉಳಿಯುತ್ತದೆ. ಅದೇ ಪೂರ್ಣ ಕ್ರೆಡಿಟ್ ಆಗಿದ್ದರೆ 80,000 ರೂಪಾಯಿಯೂ ತೆರಿಗೆಯಲ್ಲೇ ಇಳಿಯುತ್ತಿತ್ತು.

‘ನಾನು ಹೊಸ ತೆರಿಗೆ ಪದ್ಧತಿಯಲ್ಲಿದ್ದೇನಲ್ಲ?’ ಎನ್ನುತ್ತೀರಾ? ಹಾಗಾದರೆ ಇದು ನಿಮಗಿಲ್ಲ. 2023-24ರಿಂದ, ಹಳೆಯದನ್ನು ಆರಿಸಿಕೊಳ್ಳದಿದ್ದರೆ ಹೊಸ ಪದ್ಧತಿಯೇ ತಾನಾಗಿ ಅನ್ವಯಿಸುತ್ತದೆ, ಅದರಲ್ಲಿ 80ಸಿ ಇಲ್ಲ. ಆದರೆ 2025-26ರಿಂದ ಸಂಬಳ 12.75 ಲಕ್ಷದವರೆಗೆ ಅಲ್ಲಿ ತೆರಿಗೆಯೇ ಬೀಳುವುದಿಲ್ಲ. ಹಾಗಾಗಿ ಫೀಸೊಂದನ್ನೇ ನೋಡಿ ಹಳೆಯದಕ್ಕೆ ಹಾರಬೇಡಿ. ಗೃಹಸಾಲದ ಬಡ್ಡಿ, ಮನೆ ಬಾಡಿಗೆ ಎಲ್ಲ ಸೇರಿಸಿ ತೂಗಿ ನೋಡಿ.

ದಾನದ ದಾರಿಯೂ ಉಂಟು. 80ಜಿ ಅನುಮತಿ ಇರುವ ಶಿಕ್ಷಣ ಟ್ರಸ್ಟಿಗೆ ಕೊಟ್ಟರೆ ಸಾಮಾನ್ಯವಾಗಿ ಅರ್ಧ ಮೊತ್ತಕ್ಕೆ ಡಿಡಕ್ಷನ್ ಸಿಗುತ್ತದೆ, ಅದೂ ಹಳೆಯ ಪದ್ಧತಿಯಲ್ಲಿ ಮಾತ್ರ. 2,000 ರೂಪಾಯಿ ಮೀರಿದ ನಗದಿಗೆ ಸಿಗದು. ಟ್ರಸ್ಟು ತನ್ನ ಆದಾಯದ ಶೇ. 5ಕ್ಕಿಂತ ಹೆಚ್ಚನ್ನು ಧಾರ್ಮಿಕ ಕಾರ್ಯಕ್ಕೆ ಬಳಸುವಂತಿಲ್ಲ. ಸೀಟಿಗಾಗಿ ಕೊಡುವ ‘ಡೊನೇಷನ್’ ಇದಕ್ಕೆ ಬರುವುದಿಲ್ಲ.

ಎಲ್ಲಿ, ಹೇಗೆ? ಶಾಲೆಯ ಕಚೇರಿಯಲ್ಲಿ ಟ್ಯೂಷನ್ ಫೀಸನ್ನು ಬೇರೆಯಾಗಿ ತೋರಿಸಿದ ಪ್ರಮಾಣಪತ್ರ ಕೇಳಿ ಪಡೆಯಿರಿ. ಅದನ್ನು ಕಂಪನಿಯ ಲೆಕ್ಕ ವಿಭಾಗಕ್ಕೆ ಕೊಡಿ. ಮರೆತರೆ ರಿಟರ್ನ್ ಸಲ್ಲಿಸುವಾಗಲೂ ತೋರಿಸಬಹುದು. ದಾನಕ್ಕೆ ಟ್ರಸ್ಟಿನಿಂದ ಪ್ರಮಾಣಪತ್ರ ಬೇಕು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿ, 80ಸಿ ಜಾಗದಲ್ಲಿ ಕಲಂ 123, 80ಜಿ ಜಾಗದಲ್ಲಿ ಕಲಂ 133 ಬಂದಿವೆ.

ಧಾರ್ಮಿಕ ಶಿಕ್ಷಣಕ್ಕೆಂದೇ ಪ್ರತ್ಯೇಕ ಕ್ರೆಡಿಟ್ ಕೇಳಿದರೆ ಸಂವಿಧಾನದ 27ನೇ ವಿಧಿಯ ತಕರಾರು ಎದ್ದೀತು. ಒಂದು ಧರ್ಮದ ಪ್ರಚಾರಕ್ಕೆಂದೇ ಮೀಸಲಿಟ್ಟ ತೆರಿಗೆ ಕಟ್ಟಲು ಯಾರನ್ನೂ ಒತ್ತಾಯಿಸುವಂತಿಲ್ಲ ಎನ್ನುತ್ತದೆ ಅದು. ಅದಕ್ಕಿಂತ ನೇರವಾದ ಬೇಡಿಕೆ ಬೇರೆ ಇದೆ. 1.5 ಲಕ್ಷದ ಮಿತಿ 2014ರಿಂದ ಕದಲಿಲ್ಲ. ಬೋಧನಾ ಶುಲ್ಕಕ್ಕೆ ಪ್ರತ್ಯೇಕ ಮಿತಿ ಕೊಡಿ, ಹೊಸ ಪದ್ಧತಿಯಲ್ಲೂ ಅದನ್ನು ಸೇರಿಸಿ ಎಂದು ಕೇಳೋಣ. ಶಾಲೆಯ ಆಯ್ಕೆ ಹೆತ್ತವರಿಗೇ ಇರಲಿ.