ಪೇಟಿ, ಮೇಳ ಮತ್ತು ಅಹೋರಾತ್ರಿ: ಸಿಂಧನೂರು, ಲಿಂಗಸುಗೂರು, ಮಸ್ಕಿ ಪರಿಸರದ ಭಜನಾ ಮಂಡಳಿಗಳಲ್ಲಿ ಹಾರ್ಮೋನಿಯಂ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಎಡೆದೊರೆನಾಡಿನಲ್ಲಿ ಸಾಮೂಹಿಕ ಗಾಯನದ ನೆಲೆಗಳನ್ನು ಹುಡುಕುತ್ತ ಹೊರಟವರಿಗೆ ಮೊದಲು ಎದುರಾಗುವುದು ಭಜನಾ ಮಂಡಳಿ. ಸಿಂಧನೂರು, ಲಿಂಗಸುಗೂರು ಹಾಗೂ ಈಚೆಗೆ ಪ್ರತ್ಯೇಕ ತಾಲೂಕಾದ ಮಸ್ಕಿ ಪರಿಸರದ ಗ್ರಾಮಗಳಲ್ಲಿ ಗುಡಿ, ಮಠ, ಗದ್ದುಗೆ, ಕೇರಿಯ ಕಟ್ಟೆ ಹೀಗೆ ಒಂದಿಲ್ಲೊಂದು ಆಶ್ರಯದಲ್ಲಿ ಇಂಥ ಮಂಡಳಿಗಳಿವೆ. ಅಮಾವಾಸ್ಯೆ, ಏಕಾದಶಿ, ಸೋಮವಾರಗಳಂದು ಸೇರುವುದು, ಶ್ರಾವಣ ಮಾಸದಲ್ಲಿ ಹೆಚ್ಚು ಸೇರುವುದು, ಜಾತ್ರೆಯ ಹೊತ್ತಿಗೆ ಅಹೋರಾತ್ರಿ ಹಾಡುವುದು ಇವುಗಳ ಸಾಮಾನ್ಯ ಕ್ರಮ. ಸಾವಿನ ಮನೆಯಲ್ಲಿ ಜಾಗರಣೆಗೂ ಇದೇ ಮಂಡಳಿ ಬರುತ್ತದೆ. ಈ ಎಲ್ಲ ಸಂದರ್ಭಗಳಲ್ಲಿ ನಡುವೆ ಇರುವ ವಾದ್ಯ ಹಾರ್ಮೋನಿಯಂ. ಜನರ ಬಾಯಲ್ಲಿ ಅದು ಪೇಟಿ.

ಭಜನಾ ಸಾಹಿತ್ಯವನ್ನು ಕುರಿತು ನಮ್ಮಲ್ಲಿ ಸಾಕಷ್ಟು ಬರವಣಿಗೆ ನಡೆದಿದೆ. ಕೈವಲ್ಯ ಸಾಹಿತ್ಯ, ಕಡಕೋಳ ಮಡಿವಾಳಪ್ಪ ಮತ್ತು ಅವರ ಶಿಷ್ಯ ಪರಂಪರೆ, ಶಿಶುನಾಳ ಷರೀಫರು, ದಾಸ ಸಾಹಿತ್ಯ ಇವೆಲ್ಲ ಸಂಪಾದನೆಗೊಂಡಿವೆ. ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರವು ತತ್ವಪದಗಳನ್ನು ಹಲವು ಸಂಪುಟಗಳಲ್ಲಿ ಹೊರತಂದಿರುವುದು ಕನ್ನಡ ಸಂಶೋಧನೆಯ ಮಹತ್ವದ ಕಾರ್ಯವೇ ಸರಿ. ಆದರೆ ಸಂಪುಟದಲ್ಲಿ ಉಳಿಯುವುದು ಅಕ್ಷರ, ಮಟ್ಟು ಉಳಿಯುವುದಿಲ್ಲ. ಆ ಮಟ್ಟನ್ನು ನೂರು ವರ್ಷಗಳಿಂದೀಚೆಗೆ ಹೊತ್ತುಕೊಂಡು ಬಂದಿರುವ ಪೇಟಿಯನ್ನು ಜಾನಪದ ವಿದ್ವಾಂಸರು ‘ಪಕ್ಕವಾದ್ಯ’ ಎಂಬ ಒಂದು ಪದದಲ್ಲಿ ಮುಗಿಸಿಬಿಡುತ್ತಾರೆ. ಪ್ರಸ್ತುತ ಲೇಖನವು ಆ ಪದವನ್ನು ತುಸು ಬಿಡಿಸಿ ನೋಡುವ ಯತ್ನ.

ಹಾರ್ಮೋನಿಯಂ ನಮ್ಮ ನೆಲದ ವಾದ್ಯವಲ್ಲ. ಹಿತ್ತಾಳೆಯ ತೆಳುವಾದ ನಾಲಗೆಯೊಂದು ಗಾಳಿಯ ಒತ್ತಡಕ್ಕೆ ಕಂಪಿಸಿ ನಾದ ಕೊಡುವ ತತ್ವ ಚೀನಾದ ಶೆಂಗ್ ವಾದ್ಯದಲ್ಲಿ ಬಹು ಹಿಂದೆಯೇ ಇತ್ತು. ಯುರೋಪಿನಲ್ಲಿ ಇದೇ ತತ್ವದಿಂದ ಎರಡು ವಾದ್ಯಗಳು ಬೆಳೆದವು. 1829ರಲ್ಲಿ ವಿಯೆನ್ನಾದ ಸಿರಿಲ್ ಡೆಮಿಯನ್ ಅಕಾರ್ಡಿಯನ್‌ಗೆ ಹಕ್ಕುಪತ್ರ ಪಡೆದನು. 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ಡೆಬೆನ್ ಹಾರ್ಮೋನಿಯಂಗೆ ಪಡೆದನು. ಯುರೋಪಿನ ಸಣ್ಣ ಊರುಗಳಲ್ಲಿ ಅಕಾರ್ಡಿಯನ್ ಸಂಘಗಳು ಹುಟ್ಟಿ, ಸಂಜೆ ಒಂದೆಡೆ ಕೂಡಿ ನುಡಿಸುವ, ಕುಣಿಯುವ, ಉಣ್ಣುವ ಪದ್ಧತಿ ಬೆಳೆಯಿತು. ಭಾರತಕ್ಕೆ ಬಂದ ಅಕಾರ್ಡಿಯನ್ ಚಲನಚಿತ್ರ ಸಂಗೀತಕ್ಕೂ ಪಟ್ಟಣಗಳ ರಸಮಂಜರಿ ತಂಡಗಳಿಗೂ ಸೀಮಿತವಾಯಿತು. ಹಳ್ಳಿಯನ್ನು ಹೊಕ್ಕಿದ್ದು ಅದರ ಸೋದರ ವಾದ್ಯ. ಕಾರಣ ಸರಳವಾದುದು. ಅಕಾರ್ಡಿಯನ್ ಹೆಗಲಿಗೆ ತೂಗುಹಾಕಿ ನಿಂತು ನುಡಿಸಲು ಅನುಕೂಲವಾದ ವಾದ್ಯ. ನಮ್ಮ ಹಾಡುಗಾರಿಕೆ ನೆಲದ ಮೇಲೆ ಕುಳಿತು ನಡೆಯುವಂಥದು. ಕಾಲಿನಿಂದ ಗಾಳಿ ಒತ್ತುವ ಯುರೋಪಿನ ಪೇಟಿಯನ್ನು ಕೈಯಿಂದ ಗಾಳಿ ಹಾಕುವಂತೆ ಕಿರಿದುಗೊಳಿಸಿದ ಕೀರ್ತಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ ಕೋಲ್ಕತ್ತದ್ದು. ಅಲ್ಲಿನ ದ್ವಾರಕಾನಾಥ ಘೋಷರ ಹೆಸರು ಈ ಸಂಬಂಧದಲ್ಲಿ ಪ್ರಸಿದ್ಧ. ಎಡಗೈ ತಿದಿಗೆ, ಬಲಗೈ ಮನೆಗಳಿಗೆ. ಬಾಯಿ ಹಾಡಲು ಬಿಡುವಾಗಿ ಉಳಿಯಿತು. ನುಡಿಸುವವನೇ ಹಾಡುಗಾರನಾಗುವ ಈ ಅನುಕೂಲವೇ ಪೇಟಿಯನ್ನು ಭಜನೆಗೆ ಒಗ್ಗಿಸಿತು.

ಕಾಲುಪೇಟಿ ಮಾತ್ರ ಇಲ್ಲವಾಗಲಿಲ್ಲ. ಅದು ನಾಟಕ ಕಂಪನಿಗಳಲ್ಲಿ ಉಳಿಯಿತು. ಉತ್ತರ ಕರ್ನಾಟಕದ ವೃತ್ತಿ ರಂಗಭೂಮಿಯಲ್ಲಿ ಪೇಟಿ ಮಾಸ್ತರರ ಸ್ಥಾನ ದೊಡ್ಡದು. ಕಂಪನಿಗಳ ಪ್ರಭಾವದಿಂದ ಹಳ್ಳಿಗಳಲ್ಲಿಯೂ ಜಾತ್ರೆ, ಉಗಾದಿಗಳಿಗೆ ನಾಟಕವಾಡುವ ರೂಢಿ ಬೆಳೆದಾಗ ಊರವರು ಪಟ್ಟಿ ಎತ್ತಿ ಹೊರಗಿನಿಂದ ಮಾಸ್ತರರನ್ನು ಕರೆಸುತ್ತಿದ್ದರು. ತಿಂಗಳು ಎರಡು ತಿಂಗಳು ಅವರ ವಸತಿ, ಊಟ ಊರಲ್ಲಿಯೇ. ರಾತ್ರಿ ತಾಲೀಮು. ನಾಟಕ ಮುಗಿದು ಮಾಸ್ತರರು ಹೊರಟುಹೋದರೂ ಅವರು ಕಲಿಸಿದ ಮಟ್ಟುಗಳು ಊರಲ್ಲಿ ಉಳಿದು, ಮುಂದಿನ ಅಮಾವಾಸ್ಯೆಯ ಹೊತ್ತಿಗೆ ತತ್ವಪದಕ್ಕೆ ಅಂಟಿಕೊಳ್ಳುತ್ತಿದ್ದವು. ಅನುಭಾವದ ಪದವೊಂದು ನಾಟಕದ ಶೃಂಗಾರ ಗೀತೆಯ ಧಾಟಿಯಲ್ಲಿ ಕೇಳಿಬಂದರೆ ಅದನ್ನು ಅಪಭ್ರಂಶವೆಂದು ಜರೆಯುವುದು ಸುಲಭ. ಹಾಡುವವರಿಗೆ ಅದರಲ್ಲಿ ವಿರೋಧವೇನೂ ಕಾಣುವುದಿಲ್ಲ ಎಂಬುದು ಗಮನಾರ್ಹ.

ಮಾಸ್ತರರ ಪರಂಪರೆಗೆ ಇನ್ನೊಂದು ಮೂಲ ಗದಗಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರ ಗವಾಯಿಗಳು (1892–1944) ಮತ್ತು ಪುಟ್ಟರಾಜ ಗವಾಯಿಗಳು (1914–2010) ಅಂಧರಿಗೂ ಬಡ ಮಕ್ಕಳಿಗೂ ಸಂಗೀತವನ್ನು ಜೀವನೋಪಾಯವಾಗಿ ಕಲಿಸಿದರು. ಅಲ್ಲಿ ಕಲಿತವರು ಶಾಲೆ, ಮಠ, ನಾಟಕ ಕಂಪನಿಗಳಿಗೆ ಹರಡಿಕೊಂಡರು. ಹಿಂದೂಸ್ತಾನಿ ರಾಗಗಳ ಹೆಸರು ತಿಳಿಯದ ಭಜನೆಯ ಹಿರಿಯರೂ ಭೀಮಪಲಾಸ, ಮಾಲಕಂಸ, ಭೈರವಿಗಳ ಚಲನೆಯನ್ನು ಕಿವಿಯಿಂದ ಬಲ್ಲವರಾಗಿರುವುದಕ್ಕೆ ಈ ಹರಡುವಿಕೆ ಮುಖ್ಯ ಕಾರಣವೆಂದು ಹೇಳಬಹುದು. ವಚನ ಗಾಯನಕ್ಕೆ ಹೆಸರಾದ, ಇದೇ ಜಿಲ್ಲೆಯ ಸಿದ್ಧರಾಮ ಜಂಬಲದಿನ್ನಿ ಅವರ ಹಾಡಿಕೆಯ ಪ್ರಭಾವವನ್ನೂ ಇಲ್ಲಿ ಮರೆಯುವಂತಿಲ್ಲ. ರಾಯಚೂರಿನ ರಂಗಮಂದಿರ ಇಂದು ಅವರ ಹೆಸರಿನಲ್ಲಿದೆ.

ವಿದ್ವತ್ ವಲಯದಲ್ಲಿ ಪೇಟಿಗೆ ಸಿಕ್ಕ ಮರ್ಯಾದೆ ಬೇರೆಯೇ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ತನ್ನ ಕೇಂದ್ರಗಳಿಂದ ಹೊರಗಿಟ್ಟಿತು. ಈ ನಿಷೇಧ ಸಡಿಲಗೊಂಡದ್ದು 1971ರಲ್ಲಿ. ರವೀಂದ್ರನಾಥ ಠಾಕೂರರೂ ಈ ವಾದ್ಯವನ್ನು ಮೆಚ್ಚಿದವರಲ್ಲ. ಆಕ್ಷೇಪಣೆಗಳು ಎರಡು: ಪೇಟಿಯಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಸಾಧ್ಯವಿಲ್ಲ, ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿರುವುದರಿಂದ ಶ್ರುತಿಗಳ ಸೂಕ್ಷ್ಮ ಅಳಿಯುತ್ತದೆ. ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಗೆ 1948ರವರೆಗೆ ದಿಲ್ಲಿಯ ಬಾನುಲಿ ಕಟ್ಟಳೆ ಸಂಬಂಧಿಸಿದ್ದೇ ಅಲ್ಲ. ಹೈದರಾಬಾದಿಗೆ ತನ್ನದೇ ರೇಡಿಯೋ ಇತ್ತು. ಹಳ್ಳಿಯ ಗುಡಿಯಲ್ಲಂತೂ ನಿಷೇಧದ ಸುದ್ದಿಯೇ ಮುಟ್ಟದೆ ಪೇಟಿ ನಡೆದುಕೊಂಡು ಬಂತು.

ಹಾಗೆಂದು ಆಕ್ಷೇಪಣೆ ಸುಳ್ಳಲ್ಲ. ಪೇಟಿ ಬರುವ ಮುನ್ನ ತತ್ವಪದಕ್ಕೆ ಆಧಾರವಾಗಿದ್ದುದು ಏಕತಾರಿ, ದಮ್ಮಡಿ, ತಾಳ, ಚಿಟಿಕೆಗಳು. ಏಕತಾರಿಗೆ ಒಂದೇ ತಂತಿ. ಹಾಡುವವನ ಕಂಠ ಏರಿದಂತೆ ಅಥವಾ ಬಳಲಿದಂತೆ ತಂತಿಯನ್ನು ಬಿಗಿದು ಸಡಿಲಿಸಿಕೊಳ್ಳಬಹುದು. ಶ್ರುತಿ ಕಂಠವನ್ನು ಅನುಸರಿಸುತ್ತದೆ. ಪೇಟಿಯಲ್ಲಿ ಕಂಠವೇ ಮನೆಯನ್ನು ಅನುಸರಿಸಬೇಕು. ಕಾಳಿ ಒಂದು, ಕಾಳಿ ಎರಡು ಎಂದು ಕರಿಮನೆಗಳ ಲೆಕ್ಕದಲ್ಲಿ ಶ್ರುತಿಯನ್ನು ಹೇಳುವ ರೂಢಿ ನಾಟಕದಿಂದ ಭಜನೆಗೂ ಬಂದಿದೆ. ಯಾವ ಮೇಳ ಎಷ್ಟು ‘ಎತ್ತರ’ಕ್ಕೆ ಹಾಡುತ್ತದೆ ಎಂಬುದು ಪ್ರತಿಷ್ಠೆಯ ಮಾತಾಗಿದೆ. ಬಯಲಲ್ಲಿ ದನಿ ಮುಟ್ಟಬೇಕಾದ ಕಾಲದಲ್ಲಿ ಎತ್ತರದ ಶ್ರುತಿಗೆ ಅರ್ಥವಿತ್ತು. ಧ್ವನಿವರ್ಧಕ ಬಂದ ಮೇಲೂ ಅದು ಇಳಿಯದಿರುವುದು ಪ್ರತಿಷ್ಠೆಯ ಕಾರಣದಿಂದಲೇ ಎಂದು ನನ್ನ ಅಭಿಪ್ರಾಯ.

ಅಹೋರಾತ್ರಿ ಭಜನೆಯಲ್ಲಿ ಇದರ ಪರಿಣಾಮ ಸ್ಪಷ್ಟವಾಗಿ ಕಾಣುತ್ತದೆ. ಸಂಜೆ ಊಟದ ನಂತರ ಗಣಪತಿ ಸ್ತುತಿ, ಗುರುಸ್ತುತಿಗಳಿಂದ ಆರಂಭ. ಮೊದಲ ಜಾವದಲ್ಲಿ ಮಕ್ಕಳು, ಹೊಸಬರು ಹಾಡುತ್ತಾರೆ. ಜನ ಇನ್ನೂ ಮಾತನಾಡುತ್ತಿರುತ್ತಾರೆ. ನಡುರಾತ್ರಿಗೆ ಒಂದು ಸುತ್ತು ಚಹಾ, ಜೊತೆಗೆ ಮಂಡಾಳು ಒಗ್ಗರಣೆ. ಅನಂತರವೇ ನಿಜವಾದ ಭಜನೆ. ನೆರೆಯೂರಿನ ಮೇಳ ಬಂದಿದ್ದರೆ ಒಂದು ಪದಕ್ಕೆ ಇನ್ನೊಂದು ಪದ ಉತ್ತರವಾಗಿ ಸಾಗುತ್ತದೆ. ದೇಹವನ್ನು ಬಂಡಿಗೆ, ಹೊಲಕ್ಕೆ, ಕೌದಿಗೆ ಹೋಲಿಸಿದ ಪದ ಬಂದರೆ ಎದುರು ಮೇಳ ಅದೇ ಒಗಟನ್ನು ಬಿಡಿಸುವ ಅಥವಾ ಅದಕ್ಕಿಂತ ತೊಡಕಾದ ಪದವನ್ನು ಎತ್ತಬೇಕು. ಇಂಥಲ್ಲಿ ಎರಡೂ ಮೇಳಗಳಿಗೆ ಒಂದೇ ಪೇಟಿಯಿದ್ದರೆ ಅದನ್ನು ನುಡಿಸುವವನ ಕೈಯಲ್ಲಿ ದೊಡ್ಡ ಅಧಿಕಾರವಿರುತ್ತದೆ. ಆತಿಥೇಯ ಊರಿನ ಪೇಟಿಯವನು ಬಂದ ಮೇಳದ ಕಂಠವನ್ನು ಅರಿತು ಮನೆ ಬದಲಿಸಿಕೊಟ್ಟರೆ ಅದು ಮರ್ಯಾದೆ; ತನ್ನ ಮನೆಯಲ್ಲೇ ಹಿಡಿದರೆ ಬಂದವರ ದನಿ ಒಡೆಯುತ್ತದೆ. ಹಿರಿಯ ಮಂಡಳಿಗಳು ತಮ್ಮ ಪೇಟಿಯನ್ನು ತಾವೇ ಹೊತ್ತು ಹೋಗುವುದು ಇದೇ ಕಾರಣಕ್ಕೆ. ಬೆಳಗಿನ ಜಾವ ಭೈರವಿಯ ಛಾಯೆಯಲ್ಲಿ ಮಂಗಳ, ಆಮೇಲೆ ಫಳಾರ.

ಪೇಟಿ ಯಾರದು ಎಂಬ ಪ್ರಶ್ನೆ ಶ್ರುತಿಯ ಪ್ರಶ್ನೆಗಿಂತ ಕಠಿಣವಾದುದು. ಸಾಮಾನ್ಯವಾಗಿ ಅದು ಪಟ್ಟಿ ಎತ್ತಿ ಕೊಂಡದ್ದು ಇಲ್ಲವೇ ಹರಕೆ ಹೊತ್ತ ಒಬ್ಬರು ಗುಡಿಗೆ ಕೊಟ್ಟದ್ದು. ಗುಡಿಯ ಪೇಟಿ ಗುಡಿಯೊಳಗಿನವರ ಕೈಗೆ ಮಾತ್ರ ಸಿಗುತ್ತದೆ. ತತ್ವಪದ ಪರಂಪರೆಯಲ್ಲಿ ಗುರು ಶಿಷ್ಯ ಸಂಬಂಧ ಜಾತಿ ಮತಗಳನ್ನು ದಾಟಿದ್ದು ನಿಜ. ಚೆನ್ನೂರ ಜಲಾಲಸಾಹೇಬರಂಥವರು ಮಡಿವಾಳಪ್ಪನವರ ಶಿಷ್ಯರಾದದ್ದೇ ಇದಕ್ಕೆ ನಿದರ್ಶನ. ಆದರೆ ಆ ಪದಗಳನ್ನು ಹಾಡುವ ಮಂಡಳಿಗಳು ಊರು, ಕೇರಿ ಎಂದು ಬೇರೆ ಬೇರೆಯಾಗಿಯೇ ಇರುವುದನ್ನು ಕ್ಷೇತ್ರಕಾರ್ಯ ಮಾಡಿದವರೆಲ್ಲ ಬಲ್ಲರು. ಕೇರಿಯವರು ತಮ್ಮದೇ ಪೇಟಿ ಕೊಂಡ ವರ್ಷವನ್ನು ಮನೆ ಕಟ್ಟಿದ ವರ್ಷದಂತೆ ನೆನಪಿಟ್ಟಿರುತ್ತಾರೆ. ಇದನ್ನು ಕೇವಲ ಅನುಕರಣೆ ಎನ್ನಲಾಗದು. ಮಹಿಳಾ ಭಜನಾ ಮಂಡಳಿಗಳು ಹೆಚ್ಚಿದ ಮೇಲೆ ಇನ್ನೊಂದು ತೊಡಕು ಕಾಣಿಸಿತು: ಹಾಡುವವರು ಹೆಂಗಸರು, ಪೇಟಿಗೆ ಮಾತ್ರ ಗಂಡಸು. ಪೇಟಿ ಕಲಿತ ಹೆಣ್ಣುಮಕ್ಕಳಿರುವ ಮಂಡಳಿಗಳಲ್ಲಿ ಶ್ರುತಿ ಅವರ ಕಂಠಕ್ಕೆ ತಕ್ಕಂತೆ ಬದಲಾಗಿರುವುದು ಮೊದಲ ಪದದಲ್ಲೇ ತಿಳಿಯುತ್ತದೆ.

ಪೇಟಿಯ ಹೊರಗೆ ಉಳಿದ ಗಾಯನವೂ ಇಲ್ಲಿದೆ. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಮೊಹರಂ ಪ್ರಸಿದ್ಧವಾದುದು. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಹಾಡುವ ರಿವಾಯತ ಪದಗಳಿಗೆ ಬೇಕಾದುದು ಹಲಗೆಯ ಬಡಿತ ಮತ್ತು ಕಾಲಿನ ಲಯ. ಕುಳಿತು ನುಡಿಸುವ ಪೇಟಿಗೆ ಅಲ್ಲಿ ಸ್ಥಳವಿಲ್ಲ. ಒಂದೇ ಊರಿನ ಒಬ್ಬನೇ ಹಾಡುಗಾರ ಭಜನೆಯಲ್ಲಿ ಪೇಟಿಯ ಮನೆಗೆ ಬದ್ಧನಾಗಿದ್ದು, ಮೊಹರಂನಲ್ಲಿ ಸ್ವರವನ್ನು ತನಗೆ ಬೇಕಾದಂತೆ ಬಾಗಿಸಿ ಹಾಡುವುದುಂಟು. ಕಂಠಕ್ಕೆ ಎರಡು ನಡೆಗಳು ಗೊತ್ತಿವೆ ಎಂದಾಯಿತು. ಪೇಟಿ ಹಳೆಯದನ್ನು ಪೂರ್ತಿ ಅಳಿಸಿತೆಂಬ ವಾದವನ್ನು ನಾನು ಒಪ್ಪದಿರುವುದು ಈ ಕಾರಣದಿಂದ.

ತುಂಗಭದ್ರಾ ಎಡದಂಡೆ ಕಾಲುವೆ ಸಿಂಧನೂರು ಸೀಮೆಯ ಬೆಳೆಯನ್ನಷ್ಟೇ ಅಲ್ಲ, ಜನರನ್ನೂ ಬದಲಿಸಿತು. ಜೋಳದ ನೆಲ ಭತ್ತದ ನೆಲವಾಯಿತು. ಆಂಧ್ರದ ಕರಾವಳಿಯಿಂದ ಬಂದ ರೈತರ ಕ್ಯಾಂಪುಗಳಲ್ಲಿ ತೆಲುಗು ಭಜನೆ ಕೇಳತೊಡಗಿತು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೆ ಸಿಂಧನೂರಿನ ಹತ್ತಿರ ಆರ್.ಎಚ್. ಕ್ಯಾಂಪುಗಳೆಂದು ಕರೆಯಲಾಗುವ ಪುನರ್ವಸತಿ ಗ್ರಾಮಗಳಾದವು. ಬಂಗಾಳಿ ನಾಮಕೀರ್ತನೆಗೆ ಖೋಲ್, ಕರತಾಳಗಳೊಂದಿಗೆ ಹಾರ್ಮೋನಿಯಂ ರೂಢಿಯ ವಾದ್ಯ. ಕೋಲ್ಕತ್ತದಲ್ಲಿ ಕಿರಿದಾದ ಪೇಟಿ ನಾಟಕದ ದಾರಿಯಿಂದ ಬಂದು ಕನ್ನಡದ ತತ್ವಪದಕ್ಕೆ ಕೂಡಿಕೊಂಡ ಎಷ್ಟೋ ದಶಕಗಳ ಬಳಿಕ, ಅದೇ ಪೇಟಿ ಬಂಗಾಳಿ ಹಾಡುಗಳೊಂದಿಗೆ ಅದೇ ತಾಲೂಕಿಗೆ ಇನ್ನೊಮ್ಮೆ ಬಂದಿತು. ಈ ಮೂರು ಭಾಷೆಗಳ ಭಜನೆಗಳನ್ನು ಒಟ್ಟಿಗಿಟ್ಟು ನೋಡುವ ಅಧ್ಯಯನಕ್ಕೆ ಸಿಂಧನೂರಿಗಿಂತ ತಕ್ಕ ಸ್ಥಳ ರಾಜ್ಯದಲ್ಲಿ ವಿರಳ.

ವಾದ್ಯದ ದೇಹಸ್ಥಿತಿಯ ಬಗ್ಗೆಯೂ ಎರಡು ಮಾತು. ಸುರದ ಹಿತ್ತಾಳೆ ನಾಲಗೆಯನ್ನು ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಇಷ್ಟು ಸಣ್ಣ ವಿಷಯವಾದರೂ ಕೈ ತಪ್ಪಿದರೆ ಸುರ ಹಾಳು. ಸುರಗಳ ತಯಾರಿಕೆಗೆ ಗುಜರಾತಿನ ಪಾಲಿಟಾಣಾ ಹೆಸರುವಾಸಿ. ಧೂಳು ಸೇರಿ ಸುರ ಮೂಕವಾಗುವುದು, ತಿದಿಯನ್ನು ಇಲಿ ಕಡಿಯುವುದು ಹಳ್ಳಿಯ ಪೇಟಿಯ ನಿತ್ಯದ ರೋಗಗಳು. ಮೂಕವಾದ ಮನೆಯನ್ನು ಬಿಟ್ಟು ನುಡಿಸುತ್ತ ಹೋದ ಮಂಡಳಿಯ ಹಾಡಿಕೆಯಲ್ಲಿ ಆ ಸ್ವರವೇ ಕ್ರಮೇಣ ಕಾಣೆಯಾಗುವುದುಂಟು. ಮಟ್ಟುಗಳ ಪ್ರಾದೇಶಿಕ ಭೇದಗಳನ್ನು ಗುರುತಿಸುವ ಸಂಶೋಧಕರು ಸಿದ್ಧಾಂತ ಕಟ್ಟುವ ಮೊದಲು ಪೇಟಿಯ ಮುಚ್ಚಳ ತೆರೆದು ನೋಡುವುದು ಒಳಿತು.

ಈಗ ಪೇಟಿಯ ಪಕ್ಕದಲ್ಲಿ, ಕೆಲವೆಡೆ ಪೇಟಿಯ ಬದಲಿಗೆ, ವಿದ್ಯುತ್ ಕೀಬೋರ್ಡು ಮತ್ತು ರಿದಂ ಪ್ಯಾಡುಗಳು ಬಂದಿವೆ. ಪೇಟಿಯನ್ನು ಒಮ್ಮೆ ಪರಕೀಯವೆಂದು ದೂರಿದವರ ಮಾತುಗಳನ್ನೇ ಈಗ ಪೇಟಿಯ ಹಿರಿಯರು ಕೀಬೋರ್ಡಿನ ಬಗ್ಗೆ ಆಡುತ್ತಾರೆ. ವ್ಯತ್ಯಾಸವೊಂದಿದೆ. ಹಳೆಯ ಪೇಟಿಯವನು ಕಾಳಿ ಒಂದರಿಂದ ಬಿಳಿ ಮನೆಗಳವರೆಗೆ ಹನ್ನೆರಡು ಸ್ಥಾನಗಳಿಂದಲೂ ಅದೇ ಪದವನ್ನು ನುಡಿಸಲು ಕಲಿಯಬೇಕಿತ್ತು. ಬಂದ ಮೇಳದ ಕಂಠಕ್ಕೆ ಮನೆ ಬದಲಿಸುವ ಮರ್ಯಾದೆ ಆ ಕಲಿಕೆಯಿಂದ ಹುಟ್ಟಿದ್ದು. ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದರೆ ಶ್ರುತಿ ತಾನೇ ಸರಿಯುತ್ತದೆ, ಬೆರಳು ಇದ್ದಲ್ಲಿಯೇ ಇರುತ್ತದೆ. ಹೀಗಾಗಿ ಧ್ವನಿಮುದ್ರಣ ಮಾಡುವವರು ಪದದ ಪಠ್ಯ, ಹಾಡಿದವರ ಹೆಸರು, ಊರುಗಳ ಜೊತೆಗೆ ಶ್ರುತಿ ಯಾವ ಮನೆ, ತಾಳ ದಾದರಾ ಇಲ್ಲವೇ ಕೆರವಾ, ಪೇಟಿ ಯಾರ ಕೈಯಲ್ಲಿತ್ತು, ಅವರು ಯಾರಲ್ಲಿ ಕಲಿತರು, ಮಟ್ಟು ಯಾವ ನಾಟಕದ್ದೆಂದು ಅವರು ಹೇಳುತ್ತಾರೆ ಎಂಬಿಷ್ಟನ್ನು ದಾಖಲಿಸಬೇಕು. ಹನ್ನೆರಡು ಸ್ಥಾನಗಳಿಂದಲೂ ನುಡಿಸಬಲ್ಲ ಹಿರಿಯರು ಹಲವು ಊರುಗಳಲ್ಲಿ ಇನ್ನೂ ಅಮಾವಾಸ್ಯೆಯ ರಾತ್ರಿ ಪೇಟಿಯ ಮುಂದೆ ಕೂಡುತ್ತಾರೆ.